ಕೈಮ

ಟ್ರಾಲಿಗಳ ಪಕ್ಕದ ಗಾಜಿಗೆ ಅಂಟಿಸಿದ್ದರು,
ಕಳೆದುಹೋದ ಬೆಕ್ಕಿನ ಫೋಟೋಕ್ಕೂ ಯೋಗ ತರಗತಿಯ ಚೀಟಿಗೂ ನಡುವೆ,
ಕೆಂಪಂಚಿನ ಒಂದು ಹಾಳೆ:
ಕುರಿಯ ಕೈಮ, ಅರ್ಧ ಕಿಲೋ,
ಮಾರ್ಚ್ ಹದಿನಾಲ್ಕರೊಳಗೆ ಬಳಸತಕ್ಕದ್ದು.
ನೀಲಿ ಪ್ಲಾಸ್ಟಿಕ್ಕಿನ ಚೂರು ಇರಬಹುದು.
ತಿನ್ನಬೇಡಿ. ವಾಪಸ್ ತನ್ನಿ. ದುಡ್ಡು ಕೊಡುತ್ತೇವೆ.
ಈರುಳ್ಳಿಗೆ ಬಂದವಳು ಈರುಳ್ಳಿ ಮರೆತೆ.

ಈ ಊರು ನ್ಯಾರಕೂರ್ಟ್.
ಮೊದಲ ಸಲ ಫೋನಿನಲ್ಲಿ ಹೇಳಿದಾಗ ನಮ್ಮತ್ತಿಗೆ
"ನರಕದೂರಾ?" ಅಂತ ಕೇಳಿ, ಅವಳೇ ನಕ್ಕಿದ್ದಳು.
ಹಾಗೇನಿಲ್ಲ. ಬೀದಿಗೆಲ್ಲ ಗುಲಾಬಿ, ಎಂಟಕ್ಕೆಲ್ಲ ನಿದ್ದೆ.

ಮನೆಗೆ ಬಂದು ಫ್ರೀಜರನ್ನು ನೆಲಕ್ಕೆ ಸುರಿದೆ.
ಬಟಾಣಿ. ಕಾಯಿತುರಿ. ಐಸ್‌ಕ್ರೀಮ್ ಡಬ್ಬಿಯಲ್ಲಿ
ಯಾವ ಕಾಲದ್ದೋ ಉಪ್ಸಾರು.
ತಳದಲ್ಲಿ ಎರಡು ಪೊಟ್ಟಣ, ಒಂದನ್ನೊಂದು ಕಚ್ಚಿಕೊಂಡು.
ಹೆಬ್ಬೆರಳಲ್ಲಿ ಮಂಜು ಉಜ್ಜಿದರೆ ಅದೇ ತಾರೀಕು,
ತಾರೀಕಿನ ಕೆಳಗೆ ಕಾರ್ಖಾನೆಯ ನಂಬರು,
ನನ್ನ ಏಪ್ರನ್ನಿನ ಎದೆಯ ಮೇಲಿರುವ ನಂಬರು,
ಅದರ ಪಕ್ಕ, ಇರುವೆಸಾಲಿನಂಥ ಅಕ್ಷರದಲ್ಲಿ, ಹೊತ್ತು:
ಮಧ್ಯಾಹ್ನ ಎರಡು ಐವತ್ತೆರಡು.

ಕೈಮ ಅನ್ನುವ ಮಾತಿನೊಳಗೇ ಒಂದು ಕೈ ಇದೆ.
ರುಬ್ಬುವ ಬಾಯಿಗೆ ತುಂಡು ತಳ್ಳುವುದು ನನ್ನ ಕೆಲಸ.
ಆ ಮಧ್ಯಾಹ್ನ ನನ್ನ ಎಡಗವಸಿಗೆ
ತೋರುಬೆರಳ ತುದಿ ಇರಲಿಲ್ಲ.
ನಿಯಮ ಗೊತ್ತು. ಕೈ ಎತ್ತಬೇಕು, ಬೆಲ್ಟು ನಿಲ್ಲುತ್ತದೆ,
ನಲವತ್ತು ಜನ ತಿರುಗಿ ನಿನ್ನನ್ನೇ ನೋಡುತ್ತಾರೆ.
ಕೆಲಸಕ್ಕೆ ಸೇರಿ ಹನ್ನೊಂದನೆಯ ವಾರ,
ನಮ್ಮ ವೀಸಾ ಕೂಡ ಆ ಬೆಲ್ಟಿನ ಮೇಲೇ ಓಡುತ್ತಿತ್ತು.
ಬೆರಳನ್ನು ಒಳಕ್ಕೆ ಮಡಚಿಕೊಂಡೆ.
ಮಾಂಸ ಮುಂದೆ ಹೋಯಿತು.

ಪೊಟ್ಟಣ ಎರಡಿವೆ. ಕೊಂಡದ್ದು ಮೂರು
(ನಾವೇ ಕಟ್ಟಿದ್ದನ್ನು ನಾವೇ ಕೊಳ್ಳುತ್ತೇವೆ, ಹಳದಿ ಚೀಟಿ ಬಿದ್ದ ದಿನ).
ಮೂರನೆಯದು ಭಾನುವಾರ ಕೈಮ ಉಂಡೆಯಾಗಿತ್ತು,
ಹುರಿಗಡಲೆ, ಚಕ್ಕೆ, ಒಂದು ಹಿಡಿ ಸಬ್ಬಸಿಗೆ.
ಚಿಕ್ಕಣ್ಣ ಆರು ತಿಂದ. ನಾನು ನಾಲ್ಕು.
ಐದು, ಪಕ್ಕದ ಮನೆ ಗ್ಲೆನಿಸ್‌ಗೆ.

ಓಡಬೇಕಿತ್ತು. ನಡೆದೆ.
ಹಾಳೆಯ ಫೋಟೋ ತೋರಿಸಿದೆ. ಕನ್ನಡಕ ಹುಡುಕಿದಳು,
ಓದಿದಳು, ಮತ್ತೆ ಮೇಲಿನಿಂದ ಓದಿದಳು.
"ಓ, ಅದಾ! ನಿಮ್ಮ ಮಸಾಲೆಯೇನೋ ಅಂದುಕೊಂಡೆ"
ಅಂತ ಕಿಟಕಿಯ ಕಟ್ಟೆಯಿಂದ ಸಾಸರ್ ತೆಗೆದಳು.
ತೊಳೆದಿಟ್ಟಿದ್ದಳು. ನನ್ನನ್ನು ಕೇಳಬೇಕೆಂದಿದ್ದಳಂತೆ,
ಇದನ್ನು ಅಗಿಯುವುದೋ, ತಟ್ಟೆಯಂಚಿಗೆ ಸರಿಸುವುದೋ,
ಕರಿಬೇವಿನ ಹಾಗೆ.

ನೀಲಿ. ಕಡಲೆಬೇಳೆಯಷ್ಟು. ಒಂದು ಬದಿ ಮಾತ್ರ ಗುಂಡಗೆ.
ನನ್ನದೋ, ಸಾಲಿನಲ್ಲಿ ನಿಂತ ಇನ್ಯಾರದೋ,
ಹೇಳುವ ಬಗೆಯಿಲ್ಲ. ಬೆರಳ ತುದಿಗೆ ಇಟ್ಟು ನೋಡಿದೆ.
ಹೊಟ್ಟೆ? ಗಂಟಲು? ಹಲ್ಲು? ಅಂತ ಕೇಳುತ್ತಲೇ ಹೋದೆ.
ಎಂಬತ್ತೆರಡರ ಮುದುಕಿ ನನ್ನ ಭುಜ ತಟ್ಟಿದಳು:
"ಹಲ್ಲು ನನ್ನದಲ್ಲ ಮಗೂ, ಅದಕ್ಕೇನಾಗುತ್ತೆ?"

ಅಂಗಡಿಯ ಹುಡುಗಿ ಎರಡಕ್ಕಷ್ಟೇ ಅಲ್ಲ,
ತಿಂದು ಮುಗಿಸಿದ್ದಕ್ಕೂ, ರಸೀದಿ ಕೇಳದೆ,
ದುಡ್ಡು ಎಣಿಸಿಟ್ಟಳು. "ತೊಂದರೆಯಾಯ್ತು, ಸಾರಿ" ಅಂದಳು,
ಅವಳು, ನನಗೆ.

ನೋಟು ಇನ್ನೂ ಮೇಜಿನ ಮೇಲಿದೆ, ಗ್ಲೆನಿಸಳ ಸಾಸರಿನಡಿ.
ಹಾಳೆಯ ಕೊನೆಯಲ್ಲಿದ್ದ ನಂಬರು ಒತ್ತಿದೆ.
ಬಹಳ ಹೊತ್ತು ಪಿಯಾನೋ. ಆಮೇಲೆ ಒಬ್ಬ ಗಂಡಸು.
ನೀವು ಗ್ರಾಹಕರೇ?
ಹೌದು ಅಂದೆ. ತಡೆದು, ಅದೂ ಹೌದು, ಅಂದೆ.
ಹೆಸರು?
ಲೈನಿನಲ್ಲಿ ನಾನು ಬರೀ ಪುಟ್.
ಪುಟ್ಟಲಿಂಗಮ್ಮ, ಅಂದೆ.
ಬಿಡಿಸಿ ಹೇಳಿ, ಒಂದೊಂದೇ ಅಕ್ಷರ, ಅಂದ.
ಪಿ. ಯು. ಟಿ.
ಇನ್ನೊಂದು ಟಿ.