ಮಿಕ್ಕ ಬಟ್ಟೆ

ಶ್ರೀರಾಮಪುರದ ಎರಡನೇ ಅಡ್ಡರಸ್ತೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತೇನೆ.
ಕೊರಳಲ್ಲಿ ಸದಾ ಹಳದಿ ಟೇಪು,
ಉದ್ದ ಅರವತ್ತಿಂಚು.
ಕೇರಿಯ ಹೆಂಗಸರನ್ನೆಲ್ಲ ಸುತ್ತಿಬಂದ ಟೇಪು
ನನ್ನ ಸೊಂಟದಲ್ಲಿ ಮಾತ್ರ
ಒಂದು ಗೇಣು ಮೊದಲೇ ನಿಂತುಬಿಡುತ್ತಿತ್ತು.

ಮನೆಯ ತೂಕದ ಮಷೀನು ನೂರಿಪ್ಪತ್ತಕ್ಕೆ ಕೈಮುಗಿಯಿತು.
ಗುಜರಿ ಅಂಗಡಿಯ ಮೆಹಬೂಬ ಸಾಬರು
ಹಳೇ ಪೇಪರು, ಬೀರು ಬಾಟಲಿ ಬದಿಗೆ ಸರಿಸಿ
ಕಬ್ಬಿಣದ ಹಲಗೆ ಮೇಲೆ ನಿಲ್ಲಿಸಿದರು.
"ನೂರ ಮೂವತ್ತೆಂಟು" ಅಂದರು,
ಬೀದಿಗೆ ಕೇಳದ ಹಾಗೆ.
ದುಡ್ಡು ತಗೊಳ್ಳಲಿಲ್ಲ.

ತಿಂದಿದ್ದೇನೆ, ಸುಳ್ಳು ಹೇಳಲಾರೆ.
ರಾತ್ರಿ ಹನ್ನೊಂದಕ್ಕೆ ಹೊಲಿಗೆ ಮುಗಿಸಿ
ನಿಂತುಕೊಂಡೇ, ದೀಪ ಹಾಕದೆ,
ತಣ್ಣಗಿನ ಅನ್ನ, ಡಬ್ಬದ ತಳದ ಕೋಡುಬಳೆ,
ತಂಗಿ ಮಗನ ನಾಮಕರಣದಲ್ಲಿ ಉಳಿದ ಹೋಳಿಗೆ.
ಹಸಿವಿಗಲ್ಲ. ಯಾವುದಕ್ಕೆ ಎಂದು
ಈಗಲೂ ಗೊತ್ತಿಲ್ಲ.
ತಿನ್ನದೆಯೂ ಇದ್ದೇನೆ:
ಸೋಮವಾರ, ಶನಿವಾರ, ಸಂಕಷ್ಟಿ,
ಜೀರಿಗೆ ನೀರು, ಬೂದುಗುಂಬಳದ ರಸ.
ಇಳಿದ ಒಂಬತ್ತು ಕಿಲೋ
ಬಡ್ಡಿ ಸೇರಿ ಹನ್ನೆರಡಾಗಿ ವಾಪಸ್ಸು ಬರುತ್ತಿತ್ತು.
ಮದುವೆ ಮನೆಯಲ್ಲಿ ಬಡಿಸುವವನು
ನನ್ನ ಎಲೆಯ ಮುಂದೆ ಮಾತ್ರ ಕೇಳುತ್ತಿದ್ದ:
"ಸಾಕಾ ಅಕ್ಕಾ?"

ಡಾಕ್ಟರು ಕಾಗದದ ಮೇಲೆ ಹೊಟ್ಟೆ ಬರೆದರು.
"ಇಲ್ಲಿಂದ ಇಲ್ಲಿಗೆ ಕತ್ತರಿಸಿ, ಪಿನ್ನು ಹೊಡೆದು
ಸಣ್ಣ ಕೊಳವೆ ಮಾಡ್ತೀವಿ. ಸ್ಲೀವ್ ಅಂತಾರೆ."
ನಗು ತಡೆಯಲಾಗಲಿಲ್ಲ.
"ತೋಳು ತಾನೇ ಸಾರ್? ಸಾವಿರಗಟ್ಟಲೆ ಕತ್ತರಿಸಿದೀನಿ.
ಗಿಡ್ಡದ್ದೋ, ಮೊಣಕೈ ತನಕವೋ?"
ಅವರು ನಗಲಿಲ್ಲ. ನರ್ಸು ಸ್ಟೆಲ್ಲಾ
ಆ ಕಡೆ ತಿರುಗಿ ನಕ್ಕಳು.

ಎರಡು ಚೀಟಿ, ಅಮ್ಮನ ಕಾಸಿನ ಸರ,
ಎಲ್ಲ ಸೇರಿಸಿ ಆ ತೋಳಿಗೆ ಕೂಲಿ ಕೊಟ್ಟೆ.

ಮಿಕ್ಕ ಬಟ್ಟೆ ಗಿರಾಕಿಗೆ ಹಿಂದಿರುಗಿಸುವುದು
ನನ್ನಂಗಡಿಯ ನಿಯಮ.
ಎಚ್ಚರವಾದಾಗ ಮೊದಲು ಕೇಳಿದ್ದೂ ಅದನ್ನೇ:
"ಮುಕ್ಕಾಲು ಹೊಟ್ಟೆ ಎಲ್ಲಿ?"
"ಲ್ಯಾಬಿಗೆ ಹೋಯ್ತು ಅಕ್ಕಾ, ಆಮೇಲೆ ಸುಡ್ತಾರೆ."
ನನ್ನದೇ ಒಂದು ಪಾಲು
ನನಗಿಂತ ಮೊದಲು ಬೆಂಕಿಗೆ.
ಇಷ್ಟು ವರ್ಷ ಎಲ್ಲರಿಂದ ಬೈಸಿಕೊಂಡದ್ದು;
ಹೋಗಿ ಬಾ ಅನ್ನಲೂ ಆಗಲಿಲ್ಲ.

ಆಮೇಲೆ ಕೆಮ್ಮಿನ ಔಷಧಿಯ ಮುಚ್ಚಳವೇ ಬಟ್ಟಲು.
ಒಂದು ಮುಚ್ಚಳ ಬೇಳೆ ಕಟ್ಟು ಕುಡಿಯಲು
ಕಾಲು ಗಂಟೆ.
ಮೂರನೇ ವಾರ ಎದುರುಮನೆಯಲ್ಲಿ
ಅವರೆಕಾಳು ಹುಳಿಗೆ ಒಗ್ಗರಣೆ ಬಿತ್ತು.
ಸೊಗಡು ಗೋಡೆ ಹಾರಿ ಬಂತು.
ಹೊಟ್ಟೆ ಸುಮ್ಮನಿತ್ತು, ಹಂಬಲಿಸಿದ್ದು ಬಾಯಿ.
ಮಷೀನಿಗೆ ತಲೆಯಾನಿಸಿ
ಸತ್ತವರಿಗೆ ಅಳುವ ಹಾಗೆ ಅತ್ತೆ.

ಕೂದಲು ಹಿಡಿಹಿಡಿ ಉದುರಿತು.
"ಸ್ವಲ್ಪ ಕಮ್ಮಿ ತಿನ್ನಿ" ಅನ್ನುತ್ತಿದ್ದ ಪಂಕಜಾಕ್ಷಿಯೇ ಈಗ
"ಮುಖದ ಕಳೆ ಹೋಯ್ತಲ್ರೀ" ಅನ್ನುತ್ತಾಳೆ.
"ಐವತ್ತೊಂದು ಕಿಲೋ ಯಾರಿಗೆ ಮಾರಿದ್ರಿ,
ನನಗೆ ಹೇಳದೆ?" ಸಾಬರ ತಕರಾರು.

ಮೊನ್ನೆ ಮೆಟ್ರೋದಲ್ಲಿ
ಇಬ್ಬರ ನಡುವೆ ಒಂದಿಷ್ಟು ಜಾಗವಿತ್ತು.
ಕೂರಲಿಲ್ಲ. ಮೈಗೆ ಇನ್ನೂ ಹಳೇ ಅಳತೆಯದೇ ನೆನಪು.
ರಾಜಾಜಿನಗರ ದಾಟಿದ ಮೇಲೆ ಹುಡುಗಿಯೊಬ್ಬಳು
ಫೋನಿನಿಂದ ತಲೆಯೆತ್ತದೆ
"ಕೂತ್ಕೊಳ್ಳಿ ಆಂಟಿ" ಅಂದಳು,
ಸರಿಯದೆಯೇ.
ಒಂದಿಂಚೂ ಸರಿಯದೆಯೇ!

ಟೇಪಿನ ಎರಡು ತುದಿ ಈಗ ಭೇಟಿಯಾಗುತ್ತವೆ.
ತೋಳ ಚರ್ಮ ಜೋಲುತ್ತದೆ,
ಯಾರದೋ ಅಳತೆಗೆ ಹೊಲಿದದ್ದು ತೊಟ್ಟ ಹಾಗೆ.
ಇವತ್ತು ನನಗೇ ಒಂದು ರವಿಕೆ ಕತ್ತರಿಸಿ
ಒಳಗೆ ಎರಡಿಂಚು ಮಾರ್ಜಿನ್ ಬಿಟ್ಟೆ.
ಕಾಜ ಹಾಕುವ ಶಹತಾಜ್ ನೋಡಿದಳು:
"ಇಷ್ಟೊಂದು ಯಾಕಕ್ಕಾ? ಮತ್ತೆ ದಪ್ಪ ಆಗ್ತೀರಾ?"
ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದೆ,
"ಗೊತ್ತಿಲ್ಲ ಕಣೇ.
ಕತ್ತಲಾಯ್ತು, ದೀಪ ಹಾಕು."