ಐದರ ತನಕ ಎಣಿಸಿ

ಮೆಟ್ಟಿಲು ಇನ್ನೂರ ಹದಿನಾಲ್ಕು.
ಎಣಿಸಿದ್ದು ನಾನಲ್ಲ, ನನ್ನ ಮಂಡಿ,
ಇಪ್ಪತ್ತಾರು ವರ್ಷ, ದಿನಕ್ಕೆ ನಾಲ್ಕು ಸಲ,
ಸೋಮವಾರ ರಜೆ.
ಹೆಸರು ಬಿಲ್ಲೆಯ ಮೇಲಿದೆ: ಒಟೀಲಿಯೆ.
ಇವತ್ತು ಅಕ್ಟೋಬರ್ ಮೂವತ್ತೊಂದು, ಇದು ಕೊನೆಯ ಸುತ್ತು.
ನಾಳೆಯಿಂದ ಏಪ್ರಿಲ್‌ವರೆಗೆ ಕೋಟೆ ಬಾವಲಿಗಳದ್ದು.

ಇದು ಹೆಬ್ಬಾಗಿಲು. ತಲೆ ಬಗ್ಗಿಸಿ,
ರಾಜನಿಗಲ್ಲ, ತೊಲೆಗೆ.
ಮೇಲಿನ ಕಿಂಡಿಯಿಂದ ವೈರಿಗಳ ನೆತ್ತಿಗೆ
ಕುದಿಯುವ ಎಣ್ಣೆ ಸುರಿದರೆಂದು ಕೈಪುಸ್ತಕ ಹೇಳುತ್ತದೆ.
ಎಣ್ಣೆ ಅಷ್ಟು ಅಗ್ಗವಿತ್ತೇ, ಸ್ವಾಮಿ?
ಸುರಿದದ್ದು ಕಲ್ಲು, ಸುಣ್ಣ,
ಅಡುಗೆಮನೆಯ ಮುಸುರೆ.

ಕಟ್ಟಲು ಮೂವತ್ತು ವರ್ಷ ಹಿಡಿಯಿತು.
ಕಟ್ಟಿಸಿದಾತ ತಂಗಿದ್ದು ಮೂರು ರಾತ್ರಿ.
ಗಾಜಿನ ಪೆಟ್ಟಿಗೆಯಲ್ಲಿ ಉಗ್ರಾಣದವನ ಲೆಕ್ಕದ ಪುಸ್ತಕ ಇದೆ, ನೋಡಿ:
ಮೊದಲ ರಾತ್ರಿ, ಮೊಟ್ಟೆ ಆರುನೂರು,
ಹಾವುಮೀನು ಎರಡು ಪೀಪಾಯಿ, ಮೇಣದಬತ್ತಿ ಲೆಕ್ಕವಿಲ್ಲ.
ಎರಡನೆಯ ರಾತ್ರಿ, ಪ್ರಭುಗಳಿಗೆ ಹಲ್ಲುನೋವು, ಲವಂಗ.
ಮೂರನೆಯದರ ಮುಂದೆ ಶಾಯಿ ಚೆಲ್ಲಿದೆ.

ಮಂಚ ಗಿಡ್ಡವೆಂದು ನಗುತ್ತಿದ್ದೀರಿ. ಎಲ್ಲರೂ ನಗುತ್ತಾರೆ.
ಆಗ ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರಂತೆ,
ಕಾಲು ಚಾಚಿ ಮಲಗಿದರೆ
ಸಾವು ತನ್ನವನೆಂದು ಎತ್ತಿಕೊಂಡು ಹೋದೀತೆಂದು.

ಸಿಂಹಾಸನದ ಕೋಣೆ. ಚಾವಣಿಯಲ್ಲಿ ಬೇಟೆಯ ಚಿತ್ರ:
ನಾಯಿಗಳೆಲ್ಲ ಬಲಕ್ಕೆ ಓಡುತ್ತಿವೆ,
ಮೊಲ ಒಂದೇ ಎಡಕ್ಕೆ.
ಚಿತ್ರಕಾರನಿಗೆ ಕೂಲಿ ಬಾಕಿಯಿತ್ತು ಅನ್ನುವುದು ನನ್ನ ಊಹೆ.
ಯುದ್ಧ ಮುಗಿದ ಮೇಲೆ ಇಲ್ಲಿ ಕ್ಷಯದ ಆಸ್ಪತ್ರೆ ನಡೆಯಿತು,
ನಲವತ್ತು ಕಬ್ಬಿಣದ ಮಂಚ.
ಆ ಕಿಟಕಿಯ ಬಳಿ, ಹನ್ನೊಂದು ತಿಂಗಳು,
ನನ್ನ ಅಮ್ಮ ಕಾಲು ಚಾಚಿಯೇ ಮಲಗಿದ್ದಳು,
ಕಣ್ಣು ಆ ಮೊಲದ ಮೇಲೆ.
ಇದು ನಾನು ಹೇಳಬೇಕಾದ ಪಾಠದಲ್ಲಿಲ್ಲ.
ಫೋಟೊ ತೆಗೆಯಬಹುದು. ಫ್ಲ್ಯಾಶ್ ಬೇಡ.

ಈ ಜಗಲಿಯಲ್ಲಿ ಮದುಮಕ್ಕಳು ನಿಲ್ಲುತ್ತಾರೆ.
ಕೆಳಗೆ ನದಿ, ಸೇತುವೆ, ಪ್ಲಮ್ ತೋಟಗಳು.
ಸಿಮೆಂಟು ಕಾರ್ಖಾನೆಯ ಚಿಮಣಿ ಚಿತ್ರದೊಳಗೆ ಬರಬಾರದಾದರೆ
ವಧು ಒಂದು ಹೆಜ್ಜೆ ಎಡಕ್ಕೆ ಸರಿಯಬೇಕು.

ಇನ್ನು ಬಾವಿ.
ಇದಕ್ಕೇ ನೀವೆಲ್ಲ ಬಂದದ್ದು, ಗೊತ್ತು.
ಇಡೀ ಬೆಟ್ಟ ಒಂದೇ ಬಂಡೆ. ಬೆಳ್ಳಿಯ ಗಣಿಯಿಂದ ಕರೆತಂದವರು
ಬೆಂಕಿಯಿಟ್ಟು ಕಾಯಿಸಿ, ಉಳಿಯಿಟ್ಟು ಚಕ್ಕೆಯೆಬ್ಬಿಸಿ,
ಹದಿನಾಲ್ಕು ವರ್ಷ ಕೆಳಗಿಳಿದರು.
ಒಂದು ಬುಟ್ಟಿ ಚೂರಿಗೆ ಒಂದು ಹಿಡಿ ಉಪ್ಪು ಕೂಲಿ.
ಉಗ್ರಾಣದವನ ಪುಸ್ತಕದಲ್ಲಿ ಉಳಿದದ್ದು ಒಬ್ಬನದೇ ಹೆಸರು:
"ಇವತ್ತು ವಾವ್ರಿನೆಟ್ಸ್ ಬಾವಿಯಿಂದ ಕೂಗಿದ.
ಏನೆಂದು ತಿಳಿಯಲಿಲ್ಲ."
ಮುಂದಿನ ಸಾಲು ಕುದುರೆಯ ಲಾಳದ್ದು.

"ಅವನು ಮೇಲೆ ಬಂದನಾ?"
ಹಳದಿ ರೇನ್‌ಕೋಟಿನ ಹುಡುಗಿ ಕೇಳಿದಳು.
ಪುಸ್ತಕದಲ್ಲಿ ಇಲ್ಲ, ಮಗು.
ಇಪ್ಪತ್ತಾರು ವರ್ಷದಲ್ಲಿ ಎಲ್ಲರೂ ಕೇಳಿದ್ದು
ಎಷ್ಟು ಆಳ, ಎಷ್ಟು ಖರ್ಚು,
ಕೆಳಗೆ ನಿಧಿ ಇದೆಯಾ.

ಜಾಮಿನ ಜಾಡಿಯ ಈ ನೀರು ನಮ್ಮನೆಯ ನಲ್ಲಿಯದು,
ಮೇಲೆ ನಲ್ಲಿಯಿಲ್ಲ, ದಿನವೂ ಹೊತ್ತು ತರುತ್ತೇನೆ.
ಬಾವಿಗೆ ನೀರು ಹೊರುವ ಕೆಲಸ
ಯಾವ ಅರಮನೆಯಲ್ಲೂ ಇದ್ದಿರಲಿಕ್ಕಿಲ್ಲ.
ಸರಿ, ಸುರಿಯುತ್ತೇನೆ. ಮಾತು ನಿಲ್ಲಿಸಿ.
ಐದಕ್ಕೆ ಸರಿಯಾಗಿ ಸದ್ದು ಬರುತ್ತದೆ,
ಗಡಿಯಾರಕ್ಕೂ ಇಷ್ಟು ನಿಯತ್ತಿಲ್ಲ.

ಒಂದು.
ಎರಡು. ಯಾರೋ ಕೆಮ್ಮಿದರು.
ಮೂರು.
ನಾಲ್ಕು.
ಐದು.

ಸದ್ದಿಲ್ಲ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾವಿಯ ಮುಖ ನೋಡಿದೆ.
ಈ ಬೇಸಿಗೆ ನದಿಯ ನಡುವೆ ದೋಣಿಗಳು ನೆಲ ಕಚ್ಚಿದ್ದವು,
ನೆನಪಾಯಿತು.
ಆರು ಎನ್ನಲು ಹುಡುಗಿ ಬಾಯಿ ತೆರೆದಳು,
ಆಗ ಬಂತು,
ತೀರಾ ಕೆಳಗಿನಿಂದ, ಚಿಕ್ಕದಾಗಿ,
ಯಾರೋ ಏನೋ ಅಂದ ಹಾಗೆ.

ಏನೆಂದು ತಿಳಿಯಲಿಲ್ಲ.
ಇಳಿಯುವಾಗ ಕಂಬಿ ಹಿಡಿದುಕೊಳ್ಳಿ,
ಮೆಟ್ಟಿಲು ಒದ್ದೆಯಾಗಿದೆ.