ಬಾಯಿ ತುಂಬ

ಗಂಟಲ ಗಂಟು ತೆಗೆದ ಮೈಸೂರಿನ ಡಾಕ್ಟರು
ಚೀಟಿಯಲ್ಲಿ ಬರೆದರು: ಮೂರು ವಾರ ಮಾತಿಲ್ಲ.
ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು.
ಮಂಡ್ಯದ ಬೆಲ್ಲದ ಮಂಡಿಯಲ್ಲಿ ಇಪ್ಪತ್ತಾರು ವರ್ಷ
ಹರಾಜು ಕೂಗಿದ ಬಾಯಿ ನನ್ನದು.
ಅಚ್ಚು, ಬಕೆಟ್ಟು, ಕುರಿಕಾಲು,
ಒಂದು ಸಲ, ಎರಡು ಸಲ ಅಂತ ಎಳೆದರೆ
ಗುತ್ತಲಿನ ತನಕ ಕೇಳುತ್ತದೆ ಅನ್ನುತ್ತಿದ್ದರು.
ಬಾಯಿದ್ದವನು ಬರಗಾಲದಲ್ಲೂ ಬದುಕಿದ
ಅನ್ನುವುದು ನಮ್ಮವ್ವ ನನ್ನನ್ನು ನೋಡಿಯೇ ಆಡಿದ ಮಾತು.

ಈಗ ಒಂದು ಕುರ್ಚಿ, ಎದುರಿಗೆ ನಾಲ್ಕಡಿ ಗಾಜು.
ಒಳಗೆ ಮಲಾವಿ ಕೆರೆಯ ಮೀನು. ಆ ಕೆರೆಯನ್ನು
ನಾನೂ ನೋಡಿಲ್ಲ, ಇವೂ ನೋಡಿಲ್ಲ;
ಇವು ಹುಟ್ಟಿದ್ದು ಇರ್ವಿನ್ ರಸ್ತೆಯ ಹಿಂದೆ, ಫಯಾಜನ ಮಹಡಿಯಲ್ಲಿ.
ಆದರೂ ಕಲ್ಲಿನ ನೆನಪು ಮೈಯಲ್ಲಿದೆ.
ಪಾಂಡವಪುರದ ಕಡೆಯಿಂದ ಸ್ಕೂಟರಿನಲ್ಲಿ ತಂದ
ಹನ್ನೊಂದು ಕಲ್ಲು ಪೇರಿಸಿದ ಗಳಿಗೆಯಲ್ಲೇ
ಸಂದಿ ಸಂದಿಗೂ ಖಾತೆ, ಪಹಣಿ, ತಕರಾರು.

ನಮ್ಮ ಬೋರಿನ ನೀರು ಗಡಸು.
ನಲ್ಲಿಯ ಮೂತಿಗೆ ಸುಣ್ಣ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ,
ತನ್ನ ಕೂದಲು ಉದುರಿದ್ದೂ ಇದರಿಂದಲೇ ಅಂತ ವನಜಾ.
ಮೀನಿಗೆ ಮಾತ್ರ ಇದೇ ತವರು.

ನಾನು ಆಸ್ಪತ್ರೆಯಿಂದ ಬಂದ ದಿನವೇ
ನೀಲಿ ಗಂಡು ಚಪ್ಪಟೆ ಕಲ್ಲು ಗುಡಿಸಿ ಮೈ ಅದುರಿಸಿತು.
ಕಂದು ಹೆಣ್ಣು ಮೊಟ್ಟೆಯಿಟ್ಟು, ತಿರುಗಿ, ಬಾಯಿಗೆ ಎತ್ತಿಕೊಂಡಳು.
ಅವನ ಕೆಳರೆಕ್ಕೆಯಲ್ಲಿ ಮೊಟ್ಟೆಯಂಥದೇ ಹಳದಿ ಚುಕ್ಕೆ.
ಬಿಟ್ಟುಹೋದವು ಅಂದುಕೊಂಡು ಅವಕ್ಕೂ ಬಾಯಿ ಹಾಕಿದಳು.
ಆ ತಪ್ಪು ಎಣಿಕೆಯಲ್ಲೇ ಬಸಿರು.
ಮೇಲಿನ ಅಚ್ಚು ಹೊನ್ನು, ಕೆಳಗಿನದು ಕರಿ—
ಮಂಡಿಯ ಮೋಸವೆಲ್ಲ ಬಲ್ಲೆ.
ಕೊಂಡವರು ಗೆದ್ದ ಮೋಸ ಇದೊಂದೇ.

ಅವಳ ದವಡೆ ಉಬ್ಬಿತು. ಕಾಳು ಹಾಕಿದರೆ
ಎಲ್ಲರೂ ಮುಗಿಬೀಳುವಾಗ ಮೂಲೆಗೆ ಸರಿಯುತ್ತಾಳೆ.
ನನಗೆ ಗಂಜಿ, ಒಂದು ಸ್ಲೇಟು.
“ಇಬ್ಬರೂ ಸರಿಹೋದಿರಿ,” ವನಜಾ ನಗುತ್ತಾಳೆ.
ಫಯಾಜನ ಫೋನು, ಅವಳು ಸ್ಪೀಕರಿಗೆ ಹಾಕಿದಳು:
“ಹದಿನೆಂಟನೇ ದಿನ ಹಿಡಿದು ಬಾಯಿ ಬಿಡಿಸಿ ಅಣ್ಣಾ,
ಮರೀನ ಕಕ್ಕಿಸಿಬಿಡಿ. ಇಲ್ದಿದ್ರೆ ಒಂದೂ ಉಳಿಯಲ್ಲ.”
ಸ್ಲೇಟಿನಲ್ಲಿ ಬರೆದೆ: ಬೇಡ.
ಯಾಕೆ ಅಂತ ಬರೆಯಲು ಸ್ಲೇಟು ಸಾಲದು.

ಗಾಳಿ ತಿರುಗಿದಾಗ ಮಂಡಿಯ ಮೈಕು ಕೇಳುತ್ತದೆ.
ಹೊಸ ಹುಡುಗ. ದನಿ ಚೆನ್ನಾಗಿದೆ, ಸುಳ್ಳು ಹೇಳಬಾರದು.
ಆದರೆ ಎರಡು ಸಲಕ್ಕೂ ಮೂರು ಸಲಕ್ಕೂ ನಡುವೆ
ತಡೆಯುವುದು ಅವನಿಗೆ ಬರುವುದಿಲ್ಲ.
ಬೆಲೆ ಹುಟ್ಟುವುದು ಅಲ್ಲೇ ಮಗಾ,
ಬಾಯಿ ತುಂಬಿದ್ದೂ ಬಿಡದೆ ಇರುವಲ್ಲಿ.

ಇಪ್ಪತ್ತೆರಡನೇ ರಾತ್ರಿ, ಟಾರ್ಚಿಗೆ ಬಟ್ಟೆ ಸುತ್ತಿ ಕೂತಿದ್ದೆ.
ಕಲ್ಲಿನ ಸಂದಿಗೆ ಮೂತಿ ಇಟ್ಟು ಉಗುಳಿದಳು:
ಜೀರಿಗೆಗೆ ಕಣ್ಣು ಬಂದ ಹಾಗೆ.
ನನ್ನ ನೆರಳಾಡಿದ್ದೇ ಎಲ್ಲವನ್ನೂ ಒಳಗೆಳೆದುಕೊಂಡಳು,
ಮತ್ತೆ ಬಿಟ್ಟಳು.
ಅಡಿಗೆಮನೆಯಿಂದ ವನಜಾ: “ಎಷ್ಟ್ರೀ?”
“ಹದಿನಾಲ್ಕು.”
ಕೊಪ್ಪರಿಗೆಯ ತಳ ಕೆರೆದಂಥ ದನಿ.
ಪಾತ್ರೆಯ ಸದ್ದು ನಿಂತಿತು.

ಬೆಳಿಗ್ಗೆ ಹನ್ನೊಂದು.
ನೀಲಿಯವನ ಹೊಟ್ಟೆ ನೋಡಿದೆ,
ಏನೂ ಹೇಳಲಿಲ್ಲ.